ನಷ್ಟದ ವ್ಯಾಪಾರ

ವಿನಿಮಯದ ಪಾಠಕ್ಕೆಂದು ಮೇಷ್ಟ್ರು ಏಳನೇ ತರಗತಿಯಲ್ಲೇ ಒಂದು ಸಂತೆ ನಡೆಸಿದರು. ದುಡ್ಡು ತರುವ ಹಾಗಿಲ್ಲ. ತನಗೆ ಬೇಡವಾದದ್ದನ್ನು ಕೊಟ್ಟು ಬೇಕಾದದ್ದನ್ನು ಪಡೆಯಬೇಕು. ಬಳೆ ಕೊಟ್ಟವಳಿಗೆ ಗೋಲಿ ಸಿಕ್ಕಿತು, ಹಳೆಯ ಚೆಂಡು ಕೊಟ್ಟವನಿಗೆ ಬಣ್ಣದ ಪೆನ್ಸಿಲು.

ಸುಗುಣ ತನ್ನ ಜಾಮಿಟ್ರಿ ಬಾಕ್ಸ್ ಕೊಟ್ಟು ಸಹಪಾಠಿಯಿಂದ ನೆಗ್ಗಿದ ಸ್ಟೀಲಿನ ಊಟದ ಡಬ್ಬಿ ಪಡೆದಳು. ಗಣಿತದಲ್ಲಿ ಮೊದಲು ಬಂದಳೆಂದು ಹೋದ ತಿಂಗಳು ಮೇಷ್ಟ್ರೇ ಕೈಯಾರೆ ಕೊಟ್ಟಿದ್ದ ಬಾಕ್ಸ್ ಅದು. ಅವರಿಗೆ ರೇಗಿತು. ಡಬ್ಬಿ ಕಿತ್ತುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನಷ್ಟದ ವ್ಯಾಪಾರ ಅಂದ್ರೆ ಇದೇ, ಸರಿಯಾಗಿ ನೋಡ್ಕೊಳ್ಳಿ!"

ತರಗತಿ ಗೊಳ್ಳೆಂದು ನಕ್ಕಿತು.

"ಆ ಬಾಕ್ಸ್ ಬೇಡವಾಯ್ತೇನಮ್ಮ ನಿಂಗೆ?"

"ಹೂಂ ಸಾರ್. ಡಬ್ಬಿ ಬೇಕಿತ್ತು."

"ದಿನಾ ಮಧ್ಯಾಹ್ನ ಸ್ಕೂಲಲ್ಲೇ ಬಿಸಿಯೂಟ ಹಾಕ್ತಾರೆ. ಡಬ್ಬಿ ತಗೊಂಡು ಏನ್ ಮಾಡ್ತೀಯಾ? ಎಲ್ಲರಿಗೂ ಕೇಳೋ ಹಾಗೆ ಹೇಳು."

ಅವಳು ಡಬ್ಬಿಯನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು, ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ ಎಂದು ಒತ್ತಿ ನೋಡಿದಳು.

"ಸೋಮವಾರದಿಂದ ಊದುಬತ್ತಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತೀನಿ ಸಾರ್. ಅಲ್ಲಿ ಊಟ ಹಾಕಲ್ಲ."