ರಂಗೋಲಿ ಇಲ್ಲದ ಬಾಗಿಲು

ಸ್ಟೇಷನ್ ಹಿಂದಿನ ಆ ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ರಂಗೋಲಿ ಇರುತ್ತಿತ್ತು... ಆದರೆ ಜನ ನಿಂತು ನೋಡುತ್ತಿದ್ದದ್ದು ಸುಗುಣಳ ಮನೆಯದನ್ನು.

ಚುಕ್ಕಿ ಇಟ್ಟು, ಎಳೆ ಸುತ್ತಿ, ಬಾಗಿಲಿನಿಂದ ರಸ್ತೆಯವರೆಗೂ ಹರಡಿದ ರಂಗೋಲಿ. ಹಾಲಿನವನೂ ಅದನ್ನು ತುಳಿಯದೆ ಸೈಕಲ್ಲನ್ನು ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತಿದ್ದ.

ಆಮೇಲೆ ಅವಳಿಗೆ ಚಿಕುನ್‌ಗುನ್ಯಾ ಬಂತು. ಜ್ವರವೇನೋ ಬಿಟ್ಟಿತು... ನೋವು ಬಿಡಲಿಲ್ಲ.

ಬೆಳಗ್ಗೆ ಎದ್ದರೆ ಬೆರಳು ಮಡಚಲು ಬಾರದು. ತಿಂಡಿ ಮಾಡಿ ಗಂಡನನ್ನು ಡ್ಯೂಟಿಗೆ ಕಳಿಸುವಷ್ಟರಲ್ಲಿ ಇಡೀ ದಿನದ ಶಕ್ತಿ ಮುಗಿದಿರುತ್ತಿತ್ತು.

ಸಿಂಕಿನ ತುಂಬ ಪಾತ್ರೆ. ಸೋಫಾದ ಮೇಲೆ ಒಗೆದ ಬಟ್ಟೆಯ ಗುಡ್ಡೆ. ಗುಡಿಸಿದ ಕಸ ಮೊರಕ್ಕೆ ಹತ್ತದೆ ಮೂಲೆಯಲ್ಲೇ...

"ಒಂದು ಪುಟ್ಟ ನಕ್ಷತ್ರ ಹಾಕ್ ಬಾರೇ, ಸಾಕು" ಎಂದರು ಅತ್ತೆ ಚನ್ನಾಜಮ್ಮ.

"ಹಾಕಿದ್ರೆ ನೆಟ್ಟಗೆ ಹಾಕ್ಬೇಕು ಅತ್ತೆ. ಸುಗುಣನ ಕೈ ಇಷ್ಟೇನಾ ಅಂತ ಜನ ಆಡ್ಕೊಳಲ್ವಾ?"

ನೋಡಿದರೆ ತಾನೇ ಆಡಿಕೊಳ್ಳುವುದು? ಅವಳು ಮುಂಬಾಗಿಲು ಮುಚ್ಚಿಬಿಟ್ಟಳು. ಓಡಾಟವೆಲ್ಲ ಹಿತ್ತಿಲ ಕಡೆಯಿಂದ.

ದಿನವೂ ಮುಂದಿನ ಜಗಲಿಯಲ್ಲಿ ಕೂರುತ್ತಿದ್ದ ಅತ್ತೆಯ ಕುರ್ಚಿಯೂ ಒಳಗೆ ಬಂತು.



ಹೀಗೇ ಕೆಲವು ದಿನ ಕಳೆಯಿತು. ಒಂದು ಬೆಳಗ್ಗೆ ಮುಂಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

ಎದುರುಮನೆಯ ಪುಟ್ಟತಾಯಮ್ಮ! ಯಾವತ್ತೂ ಬೀದಿಯ ಆ ಕಡೆಯಿಂದಲೇ ಕೂಗುತ್ತ ಬರುವವರು ಅವತ್ತು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಕೈಯಲ್ಲಿ ಊಟದ ಕ್ಯಾರಿಯರ್. ಹಿಂದೆ ಬೀದಿಯ ಇನ್ನಿಬ್ಬರು ಹೆಂಗಸರು.

ಸುಗುಣ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಮಿಕ್ಕರ್ಧವನ್ನು ಪುಟ್ಟತಾಯಮ್ಮನೇ ತಳ್ಳಿ, ಅವಳನ್ನು ತಬ್ಬಿಕೊಂಡು ಅಳತೊಡಗಿದರು.

"ಒಂದ್ ಮಾತು ಹೇಳ್ಬಾರ್ದಿತ್ತೇನೇ... ಕೊನೇದಾಗಿ ಮುಖನಾದ್ರೂ ನೋಡ್ತಿದ್ವಲ್ಲೇ..."

"ಯಾರ ಮುಖ ಪುಟ್ಟತಾಯಮ್ಮಾ?"

ಅಷ್ಟರಲ್ಲಿ ಒಳಗಿನಿಂದ ದನಿ ಬಂತು. "ಯಾರೇ ಅದು? ಪುಟ್ಟತಾಯಿನಾ? ಬಾ, ಕಾಫಿ ಕುಡಿ."

ಚನ್ನಾಜಮ್ಮ ಕಾಫಿಗೆ ರಸ್ಕ್ ಅದ್ದಿಕೊಂಡು ಕೂತಿದ್ದರು.

ಬಂದವರು ಹೊಸ್ತಿಲು ದಾಟಿ ಒಳಗೆ ಬಂದು ಅಜ್ಜಿಯನ್ನು ಹತ್ತಿರದಿಂದ ನೋಡಿದರು...

ಬೀದಿಯವರದೂ ತಪ್ಪಲ್ಲ. ದಿನಗಟ್ಟಲೆ ಒಂದು ಮನೆಯ ಮುಂದೆ ರಂಗೋಲಿ ಇಲ್ಲವೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಬಾಗಿಲು ಬೇರೆ ಮುಚ್ಚಿದೆ. ಜಗಲಿಯ ಮೇಲೆ ಅಜ್ಜಿ ಇಲ್ಲ. ಕಡೂರಿನ ದೊಡ್ಡ ಮಗನ ಮನೆಗೆ ಹೋಗಿಬರಬೇಕೆಂದು ಅಜ್ಜಿ ಹೇಳುತ್ತಲೂ ಇದ್ದರು...

ಅಲ್ಲೇ ತೀರಿಕೊಂಡಿರಬೇಕು ಎಂದು ಬೀದಿ ತೀರ್ಮಾನಿಸಿಬಿಟ್ಟಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅನ್ನ-ಸಾರು ಹೊತ್ತು ತಂದಿದ್ದರು. ಪುಟ್ಟತಾಯಮ್ಮ ಇಷ್ಟನ್ನೂ ತಡವರಿಸುತ್ತ ಹೇಳಿದರು.

"ಓಹೋ... ಸತ್ತಿದ್ದು ನಾನಾ? ನನಗೇ ಯಾರೂ ಹೇಳ್ಲಿಲ್ವಲ್ಲೇ!" ಎಂದರು ಚನ್ನಾಜಮ್ಮ.

ಎಲ್ಲರೂ ಗೊಳ್ಳೆಂದು ನಕ್ಕರು. ಸುಗುಣ ನಗಲಿಲ್ಲ.

ಎಲ್ಲರೂ ಒಳಗೆ ಬಂದಾಗಿತ್ತು. ಆ ಸಿಂಕು, ಆ ಬಟ್ಟೆ, ಆ ಕಸ... ಯಾರ ಕಣ್ಣಿಗೆ ಬೀಳಬಾರದೆಂದು ಬಾಗಿಲು ಹಾಕಿದ್ದಳೋ ಅವರೇ ನಡುಮನೆಯಲ್ಲಿ ನಿಂತಿದ್ದರು.

"ನೋಡ್ಬೇಡಿ ಪುಟ್ಟತಾಯಮ್ಮಾ... ಮನೆ ಮನೆ ಥರ ಇಲ್ಲ. ನನ್ ಕೈಲಿ ಆಗ್ತಿಲ್ಲ."

ಇಷ್ಟು ದಿನದಲ್ಲಿ ಈ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ಆಡಿದ ಮೇಲೆ ಕಣ್ಣೀರು ನಿಲ್ಲಲಿಲ್ಲ.

ಪುಟ್ಟತಾಯಮ್ಮ ಸೋಫಾದ ಮೇಲಿನ ಬಟ್ಟೆಯನ್ನು ಒತ್ತರಿಸಿ ಕೂತು, ಒಂದು ಟವೆಲ್ ಎಳೆದುಕೊಂಡು ಮಡಚತೊಡಗಿದರು. ಮಡಚುತ್ತಲೇ ಕೇಳಿದರು.

"ಬೆಳಗಾಗೆದ್ದು ನಿಮ್ ಬಾಗಿಲು ಯಾಕ್ ನೋಡ್ತೀನಿ ಗೊತ್ತೇನೇ?"

"ರಂಗೋಲಿ ಚೆನ್ನಾಗಿರುತ್ತೆ ಅಂತ..."

"ಅಯ್ಯೋ, ನನಗೆ ಕಣ್ಣಿಗೆ ಪೊರೆ ಬಂದು ಎಷ್ಟು ಕಾಲ ಆಯ್ತು! ನೀನು ನವಿಲು ಹಾಕಿದ್ಯೋ ಬಾತುಕೋಳಿ ಹಾಕಿದ್ಯೋ ನನಗೇನ್ ಕಾಣುತ್ತೆ? ಬೆಳ್ಳಗೆ ಕಂಡ್ರೆ ಸಾಕು... ಸದ್ಯ, ಎಲ್ಲ ನೆಟ್ಟಗಿದ್ದಾರೆ ಅನ್ಕೊಂಡು ಕಾಫಿಗಿಡ್ತೀನಿ."

ಸುಗುಣ ತಲೆ ಎತ್ತಿದಳು.

"ಒಂದೇ ಒಂದು ಎಳೆ ಎಳೆದಿದ್ರೂ ನಮಗೆ ಸುದ್ದಿ ಸಿಕ್ತಿತ್ತಲ್ಲೇ ಮಗಳೇ..."

ಆ ದಿನ ಮನೆಯಲ್ಲಿ ಅಡುಗೆ ಮಾಡುವ ಕೆಲಸವೇ ಇರಲಿಲ್ಲ. ಬಂದವರೂ ಮನೆಯವರೂ ಸೇರಿ ಆ ಕ್ಯಾರಿಯರ್ ಖಾಲಿ ಮಾಡಿದರು.

"ಸಾರಿಗೆ ಉಪ್ಪು ಕಮ್ಮಿ. ನಾನು ಸತ್ತಿದ್ರೂ ಇದನ್ನೇ ತಿನ್ನಿಸ್ತಿದ್ರಾ ನಮ್ಮನೆಯವ್ರಿಗೆ?" ಎಂದು ಚನ್ನಾಜಮ್ಮ ಕೇಳಿದಾಗ ಸುಗುಣಳಿಗೂ ನಗು ಬಂತು.

ಆಮೇಲೆ ಅವಳ ನೋವೇನೂ ಮಾಯವಾಗಲಿಲ್ಲ. ಲೆಕ್ಕಾಚಾರ ಮಾತ್ರ ಬದಲಾಯಿತು.

ತರಕಾರಿ ಹೆಚ್ಚುವುದು ಸ್ಟೂಲ್ ಮೇಲೆ ಕೂತು. ಸೊಪ್ಪು ಬಿಡಿಸುವುದು ಅತ್ತೆ. ಸಂಜೆಯ ಪಾತ್ರೆ ಗಂಡನ ಪಾಲು. ಬೆಳಗ್ಗೆ ಒಂದು ಕೋಣೆ ಗುಡಿಸಿದರೆ ಇನ್ನೊಂದು ನಾಳೆಗೆ... ನಾಳೆಯೂ ಆಗದಿದ್ದರೆ ನಾಡಿದ್ದಿಗೆ. ಕಸ ಎಲ್ಲಿಗೂ ಓಡಿಹೋಗುವುದಿಲ್ಲ.

ಪುಟ್ಟತಾಯಮ್ಮ ಬಂದುಹೋದ ಮಾರನೆಯ ಬೆಳಗ್ಗೆಯೇ ಅವಳು ಮುಂಬಾಗಿಲು ತೆರೆದು, ಮೆಟ್ಟಿಲ ಮೇಲೆ ಕೂತೇ ಒಂದು ಎಳೆ ಎಳೆದಳು. ಬೆರಳು ಸರಿಯಾಗಿ ಮಡಚದೆ ಅದು ಸ್ವಲ್ಪ ಸೊಟ್ಟಗಾಯಿತು. ಅಳಿಸಲು ಕೈ ಹೋಯಿತು...

ಹಾಗೇ ಬಿಟ್ಟಳು.

ಎದುರುಮನೆಯಿಂದ ಕೂಗು ಬಂತು. "ಏನೇ ಸುಗುಣಾ, ಎಲ್ಲ ಇದ್ದೀರಾ?"

ಜಗಲಿಯ ಕುರ್ಚಿಯಿಂದ ಚನ್ನಾಜಮ್ಮನೇ ಉತ್ತರ ಕೊಟ್ಟರು. "ನಾನಂತೂ ಇದ್ದೀನಿ ಕಣೇ! ಕಾಫಿಗಿಡು ಹೋಗು!"

ಸುಗುಣ ಕೈಗಂಟಿದ ರಂಗೋಲಿ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, ಆ ಸೊಟ್ಟ ಎಳೆಯ ಪಕ್ಕದಲ್ಲೇ ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಬಿಸಿಲು ಹಿತವಾಗಿತ್ತು...

*ಪೂರ್ತಿ ಆಗದಿದ್ದರೆ ಬೇಡವೇ ಬೇಡ ಅನ್ನುವ ಹಟ ಬಾಗಿಲು ಮುಚ್ಚಿಸುತ್ತದೆ. ಆದಷ್ಟು ಮಾಡುವ ಕೈ ಬಾಗಿಲು ತೆರೆದಿಡುತ್ತದೆ.*

ಇವತ್ತು ನಿಮ್ಮ ಕೈಲಾಗುವ ಆ ಒಂದು ಎಳೆ ಯಾವುದು...?