ಮೂಸಾನ ಒಂದು ಗಂಟೆ

ಡೈವಿಂಗ್‌ಗೆ ಹೆಸರಾದ ಆ ದ್ವೀಪದೇಶ ಈಗ ನಲವತ್ತು ಅಡಿ ನೀರಿನ ಕೆಳಗಿದೆ. ಮುಳುಗಿದ ಮನೆಗಳನ್ನು ನೋಡಲು ನಾವು ಆರು ಜನ ಹೋಗಿದ್ದೆವು. ದೋಣಿಯಲ್ಲೇ ಕುಳಿತು ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತಿದ ಮೂಸಾ ಆ ದೇಶದ ಕೊನೆಯ ಪ್ರಜೆ. ಒಬ್ಬ ಪ್ರಜೆಯಾದರೂ ದಿನಕ್ಕೆ ಒಂದು ಗಂಟೆ ತನ್ನ ನೆಲದ ಮೇಲಿದ್ದರೆ ಮಾತ್ರ ದೇಶ ಉಳಿಯುತ್ತದೆ ಎಂಬುದು ಈಗಿನ ಕಾನೂನು. ಹೋದ ವಾರದವರೆಗೆ ಅವನೂ ಹೆಂಡತಿಯೂ ಸರದಿಯ ಮೇಲೆ ಇಳಿಯುತ್ತಿದ್ದರಂತೆ. ಈಗ ಅವಳಿಲ್ಲ.

ದಿನವೂ ಒಬ್ಬನೇ ಆಳಕ್ಕೆ ಇಳಿದಿಳಿದು ಅವನ ಕಿವಿಯಿಂದ ರಕ್ತ ಒಸರುತ್ತಿತ್ತು.

"ಇವತ್ತೊಂದು ದಿನ ಬಿಡಪ್ಪ," ಎಂದೆ.

"ಬಿಟ್ರೆ ನಾಳೆಯಿಂದ ಇದು ಬರೀ ಸಮುದ್ರ, ಅಮ್ಮ." ಮಂಗಳೂರಿನಲ್ಲಿ ಓದಿದ್ದ ಅವನಿಗೆ ಕನ್ನಡ ಬರುತ್ತಿತ್ತು.

"ನನ್ನನ್ನೇ ಪ್ರಜೆ ಮಾಡಿಕೋ. ನಾನು ಇಳಿಯುತ್ತೇನೆ."

"ಈಜು ಬರ್ತದಾ?"

"ಇಲ್ಲ."

"ನಮ್ಮ ಮಂತ್ರಿಗಳಿಗೂ ಬರ್ತಿರಲಿಲ್ಲ," ಎಂದು ನಕ್ಕ.

ನನಗೆ ಬಿಸಿ ಚಹಾ ಬಗ್ಗಿಸಿಕೊಟ್ಟು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ. ಆಮೇಲೆ ಆರೂ ಪಾಸ್‌ಪೋರ್ಟ್ ಮತ್ತೆ ತೆಗೆದು, ನಾವು ದೇಶ ಬಿಟ್ಟೆವೆಂಬ ಮುದ್ರೆಯನ್ನೂ ಒತ್ತಿದ.

"ನಾವಿನ್ನೂ ಹೊರಟಿಲ್ಲವಲ್ಲಪ್ಪ?"

"ಇರಲಿ ಅಮ್ಮ. ಇಲ್ಲದ ದೇಶದಿಂದ ಬಂದ್ರಿ ಅಂತ ನಿಮ್ಮನ್ನು ಊರಲ್ಲಿ ಯಾರೂ ತಡೀಬಾರ್ದು."

ಅವನು ಇಳಿದ ಮೇಲೆ ನಾವೆಲ್ಲ ನೀರಿನ ಗುಳ್ಳೆಗಳನ್ನೇ ನೋಡುತ್ತ ಕುಳಿತೆವು. ಅವು ನಿಂತಾಗ ಗಂಟೆ ತುಂಬಲು ಇನ್ನೂ ಒಂಬತ್ತು ನಿಮಿಷವಿತ್ತು.