ಇನ್ನೂರ ಎಂಟನೇ ಪುಟ

“ಮೇಡಂ, ಈ ಕಾದಂಬರಿ ಇಲ್ಲಿಗೆ ಮುಗಿಯಲ್ಲ” ಎಂದು ಪವಿತ್ರ ಹೇಳಿದ್ದೇ ತಡ, ಬಿ.ಎ. ಕೊನೆಯ ವರ್ಷದ ತರಗತಿಯಲ್ಲಿ ತೂಕಡಿಸುತ್ತಿದ್ದವರೂ ತಲೆ ಎತ್ತಿದರು. ಆವತ್ತಿನ ಸೆಮಿನಾರ್ ಅವಳದು. ಒಂದು ಕೈಯಲ್ಲಿ ಕಾಲೇಜು ಲೈಬ್ರರಿಯ ಪುಸ್ತಕ, ಇನ್ನೊಂದು ಕೈಯಲ್ಲಿ ಅದೇ ಕಾದಂಬರಿಯ ಬೇರೊಂದು ಪ್ರತಿ. ಮುಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದ ಕನ್ನಡದ ಪುಟ್ಟಮಲ್ಲಮ್ಮ ಮೇಡಂ ಕನ್ನಡಕ ಸರಿಮಾಡಿಕೊಂಡರು.

ಕೊಳ್ಳೇಗಾಲದ ಆ ಕಾಲೇಜಿನಲ್ಲಿ ಆ ಕಾದಂಬರಿ ಇದ್ದದ್ದು ಒಂದೇ ಪ್ರತಿ. ದಪ್ಪ ರಟ್ಟು ಹಾಕಿಸಿದ್ದರಿಂದ ನೋಡುವುದಕ್ಕೆ ಗಟ್ಟಿಮುಟ್ಟಾಗಿತ್ತು. ನಾಯಕಿ ಕಮಲಾಕ್ಷಿ ಗಂಡನ ಮನೆ ಬಿಟ್ಟು, ಬಟ್ಟೆಗಂಟು ಹಿಡಿದು ಹೊಳೆದಂಡೆಗೆ ಬರುತ್ತಾಳೆ. ಇನ್ನೂರ ಎಂಟನೇ ಪುಟದ ಕೊನೆಯ ಸಾಲಿನಲ್ಲಿ ‘ಹರಿಗೋಲಿನೊಳಗೆ ಕಾಲಿಟ್ಟು’ ಅನ್ನುವಲ್ಲಿಗೆ ಕಾದಂಬರಿ ನಿಂತುಬಿಡುತ್ತದೆ. ಮೇಡಂ ಹದಿನೈದು ವರ್ಷದಿಂದ ಅದನ್ನೇ ಹಿಡಿದುಕೊಂಡು ಪಾಠ ಹೇಳಿದ್ದರು. “ನೋಡ್ರಪ್ಪ, ಲೇಖಕರು ಬೇಕೂಂತಲೇ ವಾಕ್ಯ ಮುಗಿಸಿಲ್ಲ. ದಾಟೋಕೆ ಹೊರಟ ಹೆಣ್ಣಿಗೆ ಪೂರ್ಣವಿರಾಮ ಎಲ್ಲೈತೆ?” ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ಆ ಪಾಠದ ದಿನ ಕಾಮರ್ಸ್ ಹುಡುಗಿಯರೂ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು.

“ನಿನ್ನೆ ಬಂಡಳ್ಳಿಲಿ ನಮ್ಮ ಮಾವನ ಮನೆ ಟ್ರಂಕಲ್ಲಿ ಸಿಕ್ತು ಮೇಡಂ. ಇದ್ರಲ್ಲಿ ಇನ್ನೂ ಎಂಟು ಪುಟ ಅವೆ” ಎಂದಳು ಪವಿತ್ರ. ಹೆದರಿಕೊಂಡೇ ಹೇಳಿದ್ದಳು. ಹೆದರದೆ ಏನು? ಹೆಣ್ಣುಮಗಳಿಗೆ ಪಿಯುಸಿ ಸಾಕು ಎಂದು ಹಟ ಹಿಡಿದು ಕೂತಿದ್ದ ಅವಳ ಅಪ್ಪನನ್ನು ಒಪ್ಪಿಸಲು ಅಜ್ಜೀಪುರದವರೆಗೂ ಬಸ್ಸಿನಲ್ಲಿ ಬಂದಿದ್ದವರು ಇದೇ ಮೇಡಂ. ಅಂಥವರ ಪಾಠ ತಪ್ಪು ಎಂದು ಎಲ್ಲರೆದುರು ಹೇಳುವುದೆಂದರೆ ಹುಡುಗಾಟವೇ? ಮೊದಲೇ ಗುಟ್ಟಾಗಿ ಹೇಳೋಣವೆಂದು ಸ್ಟಾಫ್ ರೂಮಿಗೆ ಹೋದರೆ ಮೇಡಂ ಮೀಟಿಂಗಿನಲ್ಲಿದ್ದರು. ಮುಚ್ಚಿಟ್ಟರೆ ಅವರು ಕಲಿಸಿದ ಓದಿಗೇ ಮೋಸ ಎನ್ನಿಸಿ, ದೇವರ ಮೇಲೆ ಭಾರ ಹಾಕಿ ಬಾಯಿ ಬಿಟ್ಟಿದ್ದಳು.

“ಓದಮ್ಮ, ಕೇಳೋಣ” ಎಂದರು ಮೇಡಂ.

ಪವಿತ್ರ ಓದಿದಳು. ಹರಿಗೋಲಿನೊಳಗೆ ಕಾಲಿಟ್ಟ ಕಮಲಾಕ್ಷಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಕಾಲು ಹಿಂದಕ್ಕೆ ತೆಗೆದಳು. ಓಡೋಡಿ ಮನೆಗೆ ಬಂದಳು. ಗಂಡ ಬೈದ. ಅವನ ಕಾಲಿಗೆ ಬಿದ್ದು ಅತ್ತಳು. ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಹಾಲೂ ಉಕ್ಕಿರಲಿಲ್ಲ. ಎಂಟನೇ ಪುಟದ ಹೊತ್ತಿಗೆ ತೊಟ್ಟಿಲು ಕಟ್ಟಿ ಎಲ್ಲರೂ ಸುಖವಾಗಿದ್ದರು.

“ಅಯ್ಯೋ, ಆ ಹಾಲಿನ ಮನೆ ಹಾಳಾಗ!” ಎಂದ ಹಿಂದಿನ ಬೆಂಚಿನ ಮಾದಸ್ವಾಮಿ. “ಮೇಡಂ, ಮುಕ್ತ ಅಂತ್ಯ ಅಂತ ಆರು ಪುಟ ಬಾಯಿಪಾಠ ಮಾಡಿವ್ನಿ. ಸೋಮವಾರ ಪರೀಕ್ಷೆ. ಈಗ ಏನ್ ಬರಿಯಾದು?”

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಮೇಡಂ ಮೇಲೆ. ಅವರು ಎದ್ದು ಬಂದು ಪವಿತ್ರಳ ಕೈಯಿಂದ ಎರಡೂ ಪುಸ್ತಕ ತೆಗೆದುಕೊಂಡು, ಆ ಎಂಟು ಪುಟಗಳನ್ನು ನಿಂತಲ್ಲೇ ಇನ್ನೊಮ್ಮೆ ತಿರುವಿ ಹಾಕಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡಳು ಪವಿತ್ರ. ನೋಡಿದರೆ ನಗು! ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಸೆರಗಿನಿಂದ ಒರೆಸಿಕೊಂಡರು. “ಹದಿನೈದು ವರ್ಷ ಕಣ್ರೋ! ಇಲ್ಲದೇ ಇರೋ ಪುಟಕ್ಕೆ ಅರ್ಥ ಹೇಳ್ಕಂಡು ಬಂದಿದ್ದೀನಲ್ಲ!” ಆಮೇಲೆ ತರಗತಿಗೆ ತರಗತಿಯೇ ನಕ್ಕಿತು.

ಪವಿತ್ರಳಿಗೆ ಹೋದ ಜೀವ ಬಂದಂತಾಯಿತು. “ಬೇಜಾರಾಯ್ತಾ ಮೇಡಂ?”

“ಬೇಜಾರ್ಯಾಕಮ್ಮ? ಸೆಮಿನಾರ್ ಅಂದ್ರೆ ಇದು! ನನಗೆ ಖುಷಿಯಾಗೈತೆ. ಈ ಎಂಟು ಪುಟ ಜೆರಾಕ್ಸ್ ಮಾಡಿಸಿ ಲೈಬ್ರರಿ ಪುಸ್ತಕಕ್ಕೆ ಅಂಟಿಸು. ಬರೆದೋರು ಬರೆದದ್ದು ಪೂರ್ತಿ ಇರಬೇಕು. ಲೇ ಮಾದಸ್ವಾಮಿ, ನೀನು ಎರಡು ಅಂತ್ಯನೂ ಬರಿ. ಯಾವುದು ಸರಿ ಅಂತ ನೀನೇ ತೀರ್ಮಾನ ಹೇಳು.”

ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ, ಯಾಕೆಂದರೆ ಮೇಡಂ ಇನ್ನೂ ಲೈಬ್ರರಿ ಪುಸ್ತಕ ಹಿಡಿದುಕೊಂಡು ನಿಂತೇ ಇದ್ದರು.

“ಇದೇ ಕಾಲೇಜಲ್ಲಿ ಬಿ.ಎ. ಎರಡನೇ ವರ್ಷ ಮುಗೀತಿದ್ದಂಗೇ ನನ್ನ ದೂರದ ಒಂದು ಊರಿಗೆ ಮದ್ವೆ ಮಾಡಿ ಕಳಿಸ್ಬುಟ್ರು” ಎಂದರು, ಯಾರೂ ಕೇಳದಿದ್ದರೂ. “ಈ ಪುಸ್ತಕ ವಾಪಸ್ ಕೊಟ್ಟಿರ್ಲಿಲ್ಲ. ಸೀರೆ ಜೊತೆ ಇದೂ ಬಂದ್ಬುಟ್ಟಿತ್ತು. ದಿನಾ ಏಟು ತಿನ್ನೋ ಮನೆ ಅದು. ಓದೋಕೆ ಅಂತ ಇದ್ದದ್ದು ಇದೊಂದೇ. ಎಷ್ಟು ಸಲ ಓದಿದ್ನೋ ಲೆಕ್ಕ ಇಲ್ಲ. ಒಂದಿನ ಬೆಳಿಗ್ಗೆ, ‘ಅತ್ತೆ, ಲೈಬ್ರರಿ ಪುಸ್ತಕ ಕೊಟ್ಬುಟ್ಟು ಬತ್ತೀನಿ’ ಅಂತ ಹೇಳಿ ಬಸ್ಸು ಹತ್ತಿದೆ. ಬಂದೆ, ಪುಸ್ತಕ ಕೊಟ್ಟೆ, ಕೊನೇ ವರ್ಷಕ್ಕೆ ಹೆಸರು ಬರೆಸ್ದೆ. ತಿರುಗಿ ಓಗ್ಲೇ ಇಲ್ಲ.”

ಪುಸ್ತಕಗಳೆರಡನ್ನೂ ಪವಿತ್ರಳ ಕೈಗಿಟ್ಟರು.

“ಈ ಎಂಟು ಪುಟ ಕಳೆದೋನು ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರ್ಲಿ ಕಣಮ್ಮ.”